ಮನೆಗೆ ಮೂರು ಅಲುಮ್ನಿ

ಪ್ರಿನ್ಸಿಪಾಲ ಸುಭಾಸಗೌಡ ಹುರಳಿಕುಪ್ಪಿಯವರು ಹಲಗೆಯ ಮೇಲೆ ನಾಲ್ಕು ಶಬ್ದ ಬರೆದರು. ನಾಲ್ಕರ ಕೆಳಗೂ ಎರಡೆರಡು ಗೆರೆ ಎಳೆದರು. ಆಮೇಲೆ, ಬೀಗರ ಎಲೆಗೆ ತುಪ್ಪ ಬಡಿಸುವವರ ಗತ್ತಿನಲ್ಲಿ ಚಾಕ್‌ಪೀಸು ಎತ್ತಿ ಹಿಡಿದು ಸಿಬ್ಬಂದಿಯ ಕಡೆ ತಿರುಗಿದರು.

"ಅಲುಮ್ನಸ್. ಒಬ್ಬ ಗಂಡಸು. ಅಲುಮ್ನಾ. ಒಬ್ಬಾಕಿ ಹೆಣ್ಣುಮಗಳು. ಅಲುಮ್ನೇ, ಬರೇ ಹೆಣ್ಣುಮಕ್ಕಳ ಗುಂಪು. ಅಲುಮ್ನಿ, ಗಂಡಸರ ಗುಂಪು, ಇಲ್ಲಾ ಇಬ್ರೂ ಕೂಡಿದ್ದು. ಇದು ಲ್ಯಾಟಿನ್. ಸಿಕ್ಕಿದ್ದಕ್ಕೆಲ್ಲಾ 'ಗಳು' ಹಚ್ಚಿ ಕೈ ತೊಳಕೊಳ್ಳೋ ಭಾಷಾ ಅಲ್ಲ. ಇವತ್ತಿನಿಂದ ಯಾರರ 'ಅಲುಮ್ನಿಗಳು' ಅಂದ್ರೋ, ಮೆಮೊ. ಬಹುವಚನಕ್ಕ ಮತ್ತ ಬಹುವಚನ ಹಚ್ಚೂದಂದ್ರ ಟೊಪಗಿ ಮ್ಯಾಲೆ ಟೊಪಗಿ ಹಾಕ್ಕೊಂಡಂಗ."

ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಸಿಪಾಯಿ ಬಾಬಾಜಾನನಿಗೆ ಸಂಶಯ ಬಂತು. ಮೂವತ್ತು ವರ್ಷ ಇದೇ ಕಾಲೇಜಿನಲ್ಲಿ ಗಂಟೆ ಬಾರಿಸಿದವನು. ಸಂಶಯ ಪಡುವ ಅಧಿಕಾರ ಅವನಿಗೆ ಸಿಬ್ಬಂದಿಗಿಂತ ಹೆಚ್ಚಿತ್ತು.

"ಸರ್, ಎಂಟು ಮಂದಿ ಹೆಣ್ಮಕ್ಕಳ ನಡುವ ಒಬ್ಬ ಗಂಡಸು ಬಂದು ಕುಂತ್ರ ಏನಂತಾರ್ರಿ?"

"ಅಲುಮ್ನಿ."

"ಆ ಒಬ್ಬನ ಸಲುವಾಗಿ ಎಂಟೂ ಮಂದಿ ತಮ್ಮ ಬಾಲ ಬದಲಿ ಮಾಡ್ಕೋಬೇಕೇನ್ರಿ? ಅವನ್ನೊಬ್ಬನ್ನ ಎಬ್ಬಿಸಿ ಕಳಿಸಿದ್ರ ಬಗೀಹರೀತಿತ್ತಲ್ರಿ."

"ಚಹಾ ಕೊಡು," ಎಂದರು ಪ್ರಿನ್ಸಿಪಾಲರು.

ಕೊನೆಯ ಬೆಂಚಿನಲ್ಲಿ ಮಾಲತೇಶ ಕೆಮ್ಮಿನ ನೆಪದಲ್ಲಿ ನಗು ನುಂಗಿದ. ಇನ್ನೊಂದು ತಾಸಿಗೆ ಇದೇ ಪಾಠ ಸ್ಟಾಫ್ ರೂಮಿನಲ್ಲಿ ಮತ್ತೊಮ್ಮೆ ನಡೆಯಲಿತ್ತು: ಅದೇ ಮೂಗಿನ ಧ್ವನಿ, ಅದೇ ಚಾಕ್‌ಪೀಸು, ಆದರೆ ಹೇಳುವವನು ಮಾಲತೇಶ. ಪ್ರಿನ್ಸಿಪಾಲರು ರಜೆ ಹಾಕಿದ ದಿನ ಸಿಬ್ಬಂದಿಗೆ ಅವರ ಕೊರತೆ ಕಾಣದಂತೆ ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು.

ನಿಜವಾದ ಕೆಲಸ ಇಂಗ್ಲಿಷ್ ಕಲಿಸುವುದು. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಅತಿಥಿಯಾಗಿ ಉಳಿದವನನ್ನು ಶಿಗ್ಗಾಂವಿಯ ಯಾವ ಮನೆಯೂ ಇಟ್ಟುಕೊಂಡಿರಲಿಕ್ಕಿಲ್ಲ, ಕಾಲೇಜು ಇಟ್ಟುಕೊಂಡಿತ್ತು. ಪ್ರತಿ ಜೂನ್ ತಿಂಗಳು ಅವನು ವೆರಾಂಡಾದಲ್ಲಿ ನಿಂತು ವಾರಕ್ಕೆ ಹದಿನಾರು ತಾಸು ಪಾಠ ಕೇಳಿ ಪಡೆಯಬೇಕು. ಈ ಸಲ ಆ ಹದಿನಾರು ತಾಸಿನ ಮೇಲೆ ಇನ್ನೊಬ್ಬರ ಕಣ್ಣು ಬಿದ್ದಿತ್ತು. ಕಾಲೇಜಿನ ಚೇರ್ಮನ್ನರ ತಂಗಿಯ ಮಗಳು ಪೂಜಾ ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ, ಪೇಢೆ ಹಂಚಿ, ಮನೆಯಲ್ಲಿ ಕೂತಿದ್ದಳು. ಕೂತವರಿಗೆ ಕುರ್ಚಿ ಹುಡುಕುವುದು ಚೇರ್ಮನ್ನರ ಸ್ವಭಾವ.

ಸಭೆ ಮುಗಿದ ಮೇಲೆ ಪ್ರಿನ್ಸಿಪಾಲರು ಮಾಲತೇಶನನ್ನು ಕೋಣೆಗೆ ಕರೆದರು.

"ಹದಿನಾಲ್ಕಕ್ಕ ತಪಾಸಣೆ ತಂಡ ಬರ್ತೈತಿ. ಕಾಲೇಜಿಗೆ ದರ್ಜೆ ಕೊಡೋರು. ಅವರು ಕೇಳೂದು ಒಂದ: ನಿಮ್ಮ ಅಲುಮ್ನಿ ಎಲ್ಲಿ? ನೀ ಸಂಚಾಲಕ. ನೂರು ಅಲುಮ್ನಿ ತಂದು ಸಭಾಗೃಹದಾಗ ಕುಂದ್ರಸು, ಹದಿನಾರು ತಾಸು ನಿನ್ನವು. ತೊಂಬತ್ತೊಂಬತ್ತು ಆತೋ, ಟೈಮ್‌ಟೇಬಲ್ ಪೂಜಾಗ."

"ಇನ್ನ ಆರು ದಿನ ಅದಾವ್ರಿ ಸರ್."

"ಅದಕ್ಕ ಹೇಳಾಕತ್ತೇನಿ, ಹೊಂಡು."

ಮಾಲತೇಶ ಹೊರಟ. ಮೊದಲು ಆಫೀಸಿಗೆ ಹೋಗಿ ಹಳೆಯ ಪ್ರವೇಶ ದಾಖಲೆ ಕೇಳಿದ. ಕ್ಲಾರ್ಕ್ ಒಂದು ಕಪಾಟು ತೆಗೆದು ತೋರಿಸಿದ. ಇಪ್ಪತ್ತೈದು ವರ್ಷದ ವಿದ್ಯಾರ್ಥಿಗಳನ್ನು ಗೆದ್ದಲು ಬಲು ಶಿಸ್ತಿನಿಂದ, ವರ್ಷವಾರು ತಿಂದು ಮುಗಿಸಿತ್ತು. ಇನ್ನು ಉಳಿದದ್ದು 'ಅಲುಮ್ನಿ' ಎಂಬ ಹೆಸರಿನ ಒಂದು ವಾಟ್ಸಾಪ್ ಗುಂಪು. ಅದರಲ್ಲಿ ಹನ್ನೊಂದು ಮಂದಿ. ಅವರಲ್ಲಿ ಮೂವರು ವಿಮಾ ಏಜೆಂಟರು. ಮೂವರೂ ಉಳಿದ ಎಂಟು ಮಂದಿಗೆ ದಿನಾ ಬೆಳಗ್ಗೆ ಶುಭೋದಯ ಹೇಳಿ, ಸಾವಿನ ನೆನಪು ಮಾಡಿಕೊಡುತ್ತಿದ್ದರು.

ಕೈಲಾಗದ ಮನುಷ್ಯ ಗ್ರಂಥಾಲಯಕ್ಕೆ ಹೋಗುತ್ತಾನೆ. ಮಾಲತೇಶನೂ ಹೋದ. ಕೊನೆಯ ಕಪಾಟಿನಲ್ಲಿ ಬೆನ್ನು ಕಿತ್ತುಹೋದ ಲ್ಯಾಟಿನ್ ಕೋಶವೊಂದು ಸಿಕ್ಕಿತು. ಗೆದ್ದಲಿಗೂ ಬೇಡವಾಗಿದ್ದ ಪುಸ್ತಕ. ಪ್ರಿನ್ಸಿಪಾಲರು ಬರೇ ನಾಲ್ಕು ಬಾಲ ತೋರಿಸಿದ್ದ ಆ ಶಬ್ದಪ್ರಾಣಿಯ ಹೊಟ್ಟೆಯಲ್ಲಿ ಏನಿದೆ ಎಂದು ತೆರೆದು ನೋಡಿದ.

ಮೂಲ ಧಾತು 'ಅಲೆರೆ'. ಉಣಿಸು, ಸಾಕು, ಬೆಳೆಸು. ಅದಕ್ಕೆ 'ಮ್ನಸ್' ಎಂಬ ಹಳೆಯ ಕಾಲದ ಒಂದು ಪ್ರತ್ಯಯ ಸೇರಿ 'ಅಲುಮ್ನಸ್' ಆಗಿದೆ. ಆ ಪ್ರತ್ಯಯ ಹತ್ತಿದರೆ ಮಾಡುವವನು ಹೋಗಿ ಮಾಡಿಸಿಕೊಳ್ಳುವವನು ಬರುತ್ತಾನೆ. ಉಣಿಸುವವನಲ್ಲ, ಉಣಿಸಿಕೊಳ್ಳುವವನು. ರೋಮಿನಲ್ಲಿ ಮೊದಲಿಗೆ ಅದು ಕಾಲೇಜಿನ ಮಾತೇ ಆಗಿರಲಿಲ್ಲ. ದಾದಿಯ ಮಾತು, ಅಡುಗೆಮನೆಯ ಮಾತು: ಸಾಕಿದ ಕೂಸು. ಕರೆಯುವಾಗ ಅದಕ್ಕೆ ಐದನೆಯ ಬಾಲವೊಂದು ಬರುತ್ತದೆ, 'ಅಲುಮ್ನೆ!'. ನಮ್ಮಲ್ಲಿ 'ಏ ಕೂಸೇ, ಬಾ, ಉಣ್ಣು' ಎಂದ ಹಾಗೆ. ಪ್ರಿನ್ಸಿಪಾಲರು ಪ್ರತಿ ಭಾಷಣದಲ್ಲೂ ಕಾಲೇಜಿಗೆ ಹಚ್ಚುವ 'ಅಲ್ಮಾ ಮೇಟರ್' ಕೂಡ ಇದೇ ಬೇರಿನದು. ಉಣಿಸುವ ತಾಯಿ.

ಓದಿದ ಖುಷಿ ಹೊಟ್ಟೆಯಲ್ಲಿ ಇರಲಾರದೆ ಅವನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ.

"ಸರ್, ಅರ್ಥ ಸಿಕ್ತ್ರಿ. ಅಲುಮ್ನಸ್ ಅಂದ್ರ ಉಣಿಸಿ ಸಾಕಿದ ಕೂಸು ಅಂತ್ರಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಹುಚ್ಚ ಅದಿಯೇನು? ಎರಡು ಸಾವಿರ ವರ್ಷದ ಭಾಷಾ, ಚಕ್ರವರ್ತಿಗಳು ಆಡಿದ್ದು. ಅದರಾಗ ಊಟದ ಮಾತು ಎಲ್ಲಿಂದ ಬರ್ತೈತಿ?"

"ಚಕ್ರವರ್ತಿಗಳೂ ಉಣ್ತಿದ್ರಲ್ರಿ ಸರ್."

"ಉಣ್ಣಲಿ. ಉಂಡದ್ದನ್ನ ಬೋರ್ಡಿನ ಮ್ಯಾಲೆ ಬರಸ್ತಿದ್ದಿಲ್ಲ. ಅರ್ಥ ನಿನ್ನ ಕಡೆ ಇರಲಿ, ನನಗ ನೂರು ಮಂದಿ ಬೇಕು. ಮತ್ತ ಊಟದ ಮಾತು ಬಂತಂತ ನೆನಪಾತು. ಹದಿನಾಲ್ಕಕ್ಕ ಆ ಬುತ್ತಿ ಖೋಲಿಗೆ ಕೀಲಿ ಹಾಕಿಸು. ಒಂದು ಡಬ್ಬಿ ಕಣ್ಣಿಗೆ ಬಿದ್ರೂ ಸ್ಟ್ಯಾಂಡರ್ಡ್ ಹೋಗ್ತೈತಿ."

ಬುತ್ತಿ ಖೋಲಿ ಕಾಲೇಜಿನ ಹಿಂಭಾಗದಲ್ಲಿತ್ತು. ಈ ಭಾಗದ ಹಳ್ಳಿಗಳ ಹುಡುಗರು ಪೇಟೆಯಲ್ಲಿ ಬಾಡಿಗೆ ಖೋಲಿ ಹಿಡಿದು ಓದುತ್ತಾರೆ. ಊಟ ಮಾತ್ರ ಮನೆಯದು. ಹಳ್ಳಿಯಲ್ಲಿ ರಾತ್ರಿ ವಸ್ತಿ ನಿಂತ ಬಸ್ಸು ಬೆಳಗ್ಗೆ ಹೊರಡುವಾಗ, ಡ್ರೈವರನ ಪಕ್ಕ ಇಂಜಿನ್ನಿನ ಮೇಲೆ ಬಟ್ಟೆ ಸುತ್ತಿದ ಡಬ್ಬಿಗಳು ಸಾಲಾಗಿ ಕೂರುತ್ತವೆ. ಹಿರೇಬೆಂಡಿಗೇರಿಯವು, ಹಾನಗಲ್ ಕಡೆ ಆಡೂರಿನವು, ಸವಣೂರು ಕಡೆಯವು. ಹಿರೇಕೆರೂರಿನಿಂದ ಒಂದೇ ಒಂದು ಡಬ್ಬಿ ಬರುತ್ತಿತ್ತು, ಅದೂ ಎರಡು ಬಸ್ಸು ಬದಲಿಸಿ. ಆ ಡಬ್ಬಿಗೆ ಇರುವ ಪ್ರವಾಸದ ಅನುಭವ ಸಿಬ್ಬಂದಿಯಲ್ಲಿ ಅನೇಕರಿಗೆ ಇರಲಿಲ್ಲ. ಬಾಬಾಜಾನ ಎಲ್ಲವನ್ನೂ ಬಸ್‌ಸ್ಟ್ಯಾಂಡಿನಿಂದ ತಂದು ಖೋಲಿಯಲ್ಲಿ ಜೋಡಿಸುತ್ತಿದ್ದ. ಉಂಡಾದ ಮೇಲೆ ಖಾಲಿ ಡಬ್ಬಿಗಳನ್ನು ಸಂಜೆಯ ಬಸ್ಸಿಗೆ ಹತ್ತಿಸುತ್ತಿದ್ದ. ಹಿರೇಬೆಂಡಿಗೇರಿಯ ಮಾಲತೇಶನೂ ಇದೇ ಕಾಲೇಜಿನಲ್ಲಿ ಮೂರು ವರ್ಷ ಇದೇ ಖೋಲಿಯ ಬುತ್ತಿ ಉಂಡು ಪಾಸಾದವನು.

ಆ ಖೋಲಿಯ ಮುಂದೆ ನಿಂತಾಗಲೇ ಅವನಿಗೆ ದಾರಿ ಹೊಳೆಯಿತು. ಎಂಬತ್ತೆರಡು ಡಬ್ಬಿ. ಎಂಬತ್ತೆರಡು ಮನೆ. ಈಗ ಓದುವ ಹುಡುಗನ ಅಣ್ಣ, ಕಾಕಾ, ಮಾವ ಎಲ್ಲ ಇಲ್ಲಿಯೇ ಓದಿದವರು. ಖಾಲಿ ಡಬ್ಬಿಯಲ್ಲಿ ಒಂದೊಂದು ಕರೆಯೋಲೆ ಹಾಕಿ ಕಳಿಸಿದರೆ ಸಂಜೆಯೊಳಗೆ ನಾಲ್ಕು ತಾಲೂಕು ತಲುಪುತ್ತದೆ. ಅಂಚೆ ಇಲಾಖೆಗೂ ಆಗದ ಕೆಲಸ.

ಪ್ರಿನ್ಸಿಪಾಲರಿಗೆ ಉಪಾಯ ಹಿಡಿಸಿತು. ಆದರೆ ಒಕ್ಕಣೆ ತಾವೇ ಬರೆಯುವುದಾಗಿ ಹಟ ಹಿಡಿದರು.

"'ಹಳೆಯ ವಿದ್ಯಾರ್ಥಿಗಳು' ಅಂತ ಕನ್ನಡದಾಗ ಹಾಕೂಣ್ರಿ ಸರ್."

"ಹಳೆಯ ಅಂದ್ರ ಹಳೇ ಕಬ್ಬಿಣ ಅಂದಂಗ ಕೇಳ್ತೈತಿ. ಲ್ಯಾಟಿನ್ ಶಬ್ದ ಇಂಗ್ಲಿಷಿನ್ಯಾಗ ಕುಂತ್ರ ಶೋಭಾ."

ಕರೆಯೋಲೆ ಇಂಗ್ಲಿಷಿನಲ್ಲಿ ಸಿದ್ಧವಾಯಿತು: ಹದಿನಾಲ್ಕನೇ ತಾರೀಖು, ಹತ್ತು ಗಂಟೆಗೆ, ಪ್ರತಿ ಮನೆಯಿಂದ ಕನಿಷ್ಠ ಮೂರು ಅಲುಮ್ನಿಯನ್ನು ತಪ್ಪದೆ ಕಳಿಸತಕ್ಕದ್ದು. ಕೆಳಗೆ ಸಹಿ, ಶಿಕ್ಕಾ. ಎಂಬತ್ತೆರಡು ಪ್ರತಿಗಳನ್ನು ಕೈಗೆ ಕೊಟ್ಟಾಗ ಬಾಬಾಜಾನ ತಲೆ ಕೆರೆದುಕೊಂಡ.

"ಹಾಕ್ತೇನ್ರಿ ಸರ್. ಆದ್ರ ಖಾಲಿ ಡಬ್ಬ್ಯಾಗ ಚೀಟಿ ಹೋತಂದ್ರ ಹಳ್ಯಾಗ ಅದಕ್ಕ ಬ್ಯಾರೆ..."

"ಬಾಬಾಜಾನ," ಎಂದರು ಪ್ರಿನ್ಸಿಪಾಲರು, "ನಿನಗ ಹೇಳಿದ್ದು ಹಾಕು ಅಂತ. ಭಾಷ್ಯ ಬರಿ ಅಂತಲ್ಲ."

ಬಾಬಾಜಾನ ಪ್ರತಿಗಳನ್ನು ಎಣಿಸಿಕೊಂಡು ಖೋಲಿಯ ಕಡೆ ನಡೆದ. ಮೂರು ವರ್ಷ ಆ ಡಬ್ಬಿಯಲ್ಲಿ ಉಂಡ ಮಾಲತೇಶನಿಗಾದರೂ ಅವನು ಏನು ಹೇಳಹೊರಟಿದ್ದ ಎಂಬುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದವನಿಗೆ ಅಷ್ಟು ಮರೆವು ಸಹಜ.

ಹದಿನಾಲ್ಕನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಸಭಾಗೃಹದಲ್ಲಿ ನೂರು ಕುರ್ಚಿ ಹಾಕಿತ್ತು. ಹನ್ನೊಂದು ತುಂಬಿದ್ದವು. ವಿಮಾ ಏಜೆಂಟರು ಮೂವರೂ ಬಂದು, ಪರಸ್ಪರರಿಗೇ ಪಾಲಿಸಿ ವಿವರಿಸುತ್ತಿದ್ದರು. ಪ್ರಿನ್ಸಿಪಾಲರು ಕೋಟು ತೊಟ್ಟು ಬಾಗಿಲಲ್ಲಿ ನಿಂತು ಒಂದೊಂದು ಖಾಲಿ ಕುರ್ಚಿಗೂ ಒಮ್ಮೆ ಮಾಲತೇಶನ ಮುಖ ನೋಡುತ್ತಿದ್ದರು. ಎಂಬತ್ತೊಂಬತ್ತು ಸಲ ನೋಡಿದರು. ಅಷ್ಟರಲ್ಲಿ ಮಾಲತೇಶನಿಗೆ ಬಾಬಾಜಾನನ ಫೋನು ಬಂತು.

"ಸರ್, ಬಸ್‌ಸ್ಟ್ಯಾಂಡಿಗೆ ಲಗೂನ ಬರ್ರಿ. ಬಂದಾವ್ರಿ."

"ಬಂದ್ರಾ? ಎಷ್ಟು ಮಂದಿ?"

"ಮಂದಿ ಎಲ್ಲಿ ಬಂದಾರ್ರಿ! ಡಬ್ಬಿ ಬಂದಾವು. ಹಾನಗಲ್ ಬಸ್ಸಿನ ಇಂಜಿನ್ ಮ್ಯಾಲೆ ಜಾಗಾ ಸಾಲದ, ಪ್ಯಾಸೆಂಜರ್ ತೊಡಿ ಮ್ಯಾಲೆ ಕುಂತು ಬಂದಾವು."

ಮಾಲತೇಶ ಬೈಕು ಹತ್ತಿ ಹೋದ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಡಬ್ಬಿ, ಪಾತೇಲಿ, ರೊಟ್ಟಿಯ ಬುಟ್ಟಿ, ಬಟ್ಟೆ ಕಟ್ಟಿದ ಬೋಗುಣಿ. ಒಂದೊಂದು ಮನೆಯಿಂದ ನಾಲ್ಕು ನಾಲ್ಕು. ಅವುಗಳ ನಡುವೆ, ಕಾವಲು ಕೂತಂತೆ, ಆಡೂರಿನ ಸರೋಜವ್ವ. ಮಗಳು ಬಿ.ಎ. ಎರಡನೇ ವರ್ಷ. ಇಷ್ಟು ಮಂದಿಯ ಊಟವನ್ನು ಕಂಡಕ್ಟರನ ಕೈಗೆ ಬಿಡುವುದು ಬೇಡವೆಂದು ತಾನೇ ಟಿಕೆಟ್ ತೆಗೆಸಿ ಬಂದಿದ್ದಳು.

"ನೀವ ಏನ್ರಿ ಇಂಗ್ಲಿಷ್ ಮಾಸ್ತರು? ಚೀಟಿ ಕಳಿಸಿದೋರು?"

"ಹೌದವ್ವಾ. ಆದ್ರ ಇದೆಲ್ಲಾ..."

"ಮೂರು ಮಂದೀದು ಕೇಳಿದ್ರಿ. ಮೂರು ಅಂದ್ರ ಆರು ಮಂದಿಗೆ ಆಗೂ ಹಂಗ ಮಾಡಬೇಕಲ್ಲ? ಖಾಲಿ ಡಬ್ಬ್ಯಾಗ ಚೀಟಿ ಬಂದ್ರ ನಾವು ನೋಡೂದ ಎರಡು, ಯಾವತ್ತು, ಎಷ್ಟು ಮಂದಿ. ಇವತ್ತಿನ ಪದ್ಧತೇನ್ರಿ ಇದು? ನಮ್ಮ ಮಾವನ ಕಾಲದಿಂದ ಡಬ್ಬ್ಯಾಗಿನ ಚೀಟಿ ಅಂದ್ರ ಗೆಳ್ಯಾರು ಬರ್ತಾರ, ಹೆಚ್ಚಿಗೆ ಕಳಿಸು ಅಂತ. ಆದ್ರೂ ಮಗಳಿಗೆ ಫೋನ್ ಹಚ್ಚಿ ಕೇಳಿದೆ. ಕಾಲೇಜಿನ್ಯಾಗ ಫಂಕ್ಷನ್ ಐತಿ, ದೊಡ್ಡ ಮಂದಿ ಬರ್ತಾರ ಅಂದ್ಲು. ಬಂದ್ರಲ್ಲ ಹಂಗಾರ ಅಂತ ಶೇಂಗಾ ಹೋಳಿಗಿ ಮಾಡೇನಿ."

"ಚೀಟ್ಯಾಗ ಮಂದಿ ಕಳಿಸ್ರಿ ಅಂತಿತ್ತವ್ವಾ."

"ಇದ್ದೀತು. ಡಬ್ಬ್ಯಾಗ ಮಂದಿ ಹೆಂಗ ಕಳಸೂದ್ರಿ?" ಸರೋಜವ್ವ ಸೆರಗು ಸಿಗಿಸಿದಳು. "ಅದಿರಲಿ. ಆ ಅಲುಮ್ನಿ ಅನ್ನೋರು ಖಾರ ಉಣ್ತಾರೋ ಇಲ್ಲೋ ಬರೀಬಾರದೇನ್ರಿ? ಓಣಿ ತುಂಬ ಅದ ಚಿಂತಿ. ಅರ್ಧಾ ಮಂದಿ ಪರದೇಶದೋರು ಅಂತ ತಿಳದು ಸಪ್ಪನ್ನ ಪಲ್ಯ ಮಾಡ್ಯಾರ. ಆಮ್ಯಾಲೆ ನಮಗ ಬೈಬ್ಯಾಡ್ರಿ."

ಮಾಲತೇಶ ಒಂದೊಂದೇ ಊರಿನ ಡಬ್ಬಿ ಎಣಿಸುತ್ತ ಹೋದ. ಎಂಬತ್ತೆರಡು ಮನೆಗಳು ತಪ್ಪದೆ ಉತ್ತರ ಕೊಟ್ಟಿದ್ದವು. ಅವನ ಹದಿನಾರು ತಾಸು ಕಣ್ಣೆದುರೇ ಎಣ್ಣೆಗಾಯಿ, ಪುಂಡಿಪಲ್ಯ, ಮಾದಲಿಯಾಗಿ ಬದಲಾಗಿ ಆವಿ ಏಳುತ್ತಿತ್ತು. ಸವಣೂರು ಬಸ್ಸಿನಿಂದ ಹುಸೇನಬಿ ಎಂಬಾಕೆ ಕಳಿಸಿದ ಸುರಕುಂಬಾ ಪಾಯಸದ ಪಾತೇಲಿ ಇಳಿಸಲು ಇಬ್ಬರು ಬೇಕಾದರು.

"ಇಷ್ಟು ಹೊರೂದು ನಮ್ಮಿಬ್ಬರ ಕೈಲೆ ಆಗಂಗಿಲ್ರಿ," ಎಂದ ಬಾಬಾಜಾನ, ಮತ್ತು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಗೌಸಸಾಬನ ಕಡೆ ನೋಡಿದ.

ಗೌಸಸಾಬ ಕಿಟಕಿಯಿಂದ ಇಣುಕಿ ಡಬ್ಬಿಗಳನ್ನು ನೋಡಿದ. ಮೂಗು ಅರಳಿಸಿದ. ಅವನೂ ಆ ಖೋಲಿಯಲ್ಲಿ ಮೂರು ವರ್ಷ ಉಂಡವನೇ. ಬಸ್ಸು ಬಂದದ್ದು ಹೋದದ್ದು ಹೇಳುವ ಮೈಕನ್ನು ಹತ್ತಿರ ಎಳೆದುಕೊಂಡು, ಬಸ್ಸಿನದೇ ರಾಗದಲ್ಲಿ ಶುರು ಮಾಡಿದ: "ಪ್ರಯಾಣಿಕರ ಗಮನಕ್ಕೆ. ಹಾನಗಲ್, ಆಡೂರು, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ಬುತ್ತಿಗಳು ಪ್ಲಾಟ್‌ಫಾರಂ ಎರಡರಲ್ಲಿ ನಿಂತಿರುತ್ತವೆ. ಕಾಲೇಜಿನ ಬುತ್ತಿ ಖೋಲಿಯಲ್ಲಿ ಉಂಡವರು ಎಲ್ಲೇ ಇದ್ದರೂ ಕೂಡಲೇ ಬಂದು ಹೊರತಕ್ಕದ್ದು. ಹೊತ್ತವರಿಗೆ ಊಟ ಇರುತ್ತದೆ."

ಮೈಕು ಪೇಟೆ ತುಂಬ ಕೇಳುತ್ತದೆ. ಮೊದಲು ಡಿಪೋದ ಇಬ್ಬರು ಡ್ರೈವರರು ಬಂದರು. ಆಮೇಲೆ ಕಂಬ ಹತ್ತಿದ್ದ ಲೈನ್‌ಮನ್ ಫಕ್ಕೀರಪ್ಪ ಇಳಿದು ಬಂದ. ಕಾಳಿನ ಅಡತಿ ಅಂಗಡಿಯವರು ಬಂದರು, ಟಂಟಂ ಓಡಿಸುವ ಅಯಾಜ್ ಬಂದ, ರಜೆಯ ಮೇಲಿದ್ದ ಒಬ್ಬ ಹವಾಲ್ದಾರ ಬಂದ, ಸವಣೂರಿನ ಮಾಸೂಮಾ ಟೀಚರು ಬಸ್ಸು ಹತ್ತುವವರು ಇಳಿದು ಬಂದರು. ಬಾಬಾಜಾನ ಒಬ್ಬೊಬ್ಬರನ್ನೂ ಗುರುತು ಹಿಡಿದು ಹೊರೆ ಹೊರಿಸಿದ. "ಏ ಫಕ್ಕೀರಪ್ಪ, ನೀ ಹಾನಗಲ್ ಬಸ್ಸಿನ ಝುಣಕದವ ಅಲ್ಲ? ಹಿಡಿ ಈ ಪಾತೇಲಿ. ಮಾಸೂಮಾ ಬೇಟಿ, ನೀ ದಿನಾ ಮೊಸರು ಚೆಲ್ಲಿಕೊಂಡು ಬರ್ತಿದ್ದಿ. ನಿನಗ ಒಣಾ ರೊಟ್ಟಿನ ಸಾಕು."

ಆ ಮೆರವಣಿಗೆ ಕಾಲೇಜಿನ ಗೇಟು ದಾಟುವಾಗ ಪ್ರಿನ್ಸಿಪಾಲರ ಮುಖ ಬೋಗುಣಿಯ ಮೇಲಿನ ಬಟ್ಟೆಯಂತೆ ಬಿಳುಪಾಯಿತು. ತಂಡದ ಮೂವರು ಅದೇ ತಾನೇ ಬಂದು ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

"ಹಿಂದಕ್ಕ! ಹಿಂದಿನ ಖೋಲಿಗೆ! ಸಪ್ಪಳಾಗಬಾರದು!" ಎಂದು ಪಿಸುಗುಟ್ಟುತ್ತಲೇ ಅವರು ಮಾಲತೇಶನ ತೋಳು ಹಿಡಿದು ಗೋಡೆಯ ಮರೆಗೆ ಎಳೆದರು. "ಮಂದಿ ತಾ ಅಂದ್ರ ಮಜ್ಜಗಿ ತಂದ್ಯಾ? ಇರಲಿ. ಫೈನಲ್ ಇಯರ್ ಹುಡುಗ್ರಿಗೆ ಟೈ ಕಟ್ಟಿಸಿ ಕುಂದ್ರಿಸೇನಿ. ನೂರು ಹೆಸರಿನ ಪಟ್ಟಿ ರೆಡಿ ಐತಿ. ಹೊತ್ತಿಗೆ ಬಂದು ಸಹಿ ಮಾಡು. ಮಾಡಲಿಲ್ಲೋ, ಪೂಜಾನ ನಾಳಿನಿಂದ ಕರಸ್ತೇನಿ."

ತಂಡದ ಮುಖ್ಯಸ್ಥೆ ಶೀಲಾ ಮೇಡಂ ಮೈಸೂರು ಕಡೆಯವರು. ಮೃದು ಮಾತು, ಚೂಪು ಕಣ್ಣು. ಸಭಾಗೃಹಕ್ಕೆ ಬಂದವರೇ ಮುಂದಿನ ಸಾಲಿನ ಹುಡುಗನನ್ನು ಮಾತಾಡಿಸಿದರು.

"ನೀವು ಯಾವ ವರ್ಷದವರು?"

"ನೈಂಟಿ ಏಟ್ ಬ್ಯಾಚಿನ ಅಲುಮ್ನಸ್ ರೀ ಮೇಡಂ," ಎಂದ ಹುಡುಗ, ಕಲಿಸಿದ ಹಾಗೆ.

"ಹುಟ್ಟಿದ್ದು?"

ಅದನ್ನು ಯಾರೂ ಕಲಿಸಿರಲಿಲ್ಲ. "ಎರಡು ಸಾವಿರದ ಐದು ರೀ," ಎಂದ.

"ಹುಟ್ಟೋಕೆ ಏಳು ವರ್ಷ ಮುಂಚೆಯೇ ಪಾಸಾಗಿದ್ದೀರಿ. ಜಾಣರು," ಎಂದರು ಮೇಡಂ. ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಒಗ್ಗರಣೆಯ ಘಮ ಮತ್ತು ನೂರು ಮಂದಿಯ ಕಲರವ ಒಟ್ಟಿಗೇ ಒಳಗೆ ಬಂದವು. ಮೇಡಂ ಆ ಕಡೆ ನಡೆದರು. ಪ್ರಿನ್ಸಿಪಾಲರು, "ಅಲ್ಲೇನಿಲ್ರಿ ಮೇಡಂ, ಅದು ಸ್ಟೋರ್ ರೂಮ್ ರೀ," ಎನ್ನುತ್ತ ಹಿಂದೆ ಓಡಿದರು. ಪಟ್ಟಿ ಹಿಡಿದು ಮಾಲತೇಶನೂ ಓಡಿದ.

ಬುತ್ತಿ ಖೋಲಿಯ ಮುಂದೆ, ಬೇವಿನ ಮರದ ಸುತ್ತ, ಮಂದಿ ನೆಲಕ್ಕೆ ಕೂತು ಉಣ್ಣುತ್ತಿದ್ದರು. ಮೈಕು ಕೇಳಿ ಮತ್ತೂ ಬರುತ್ತಲೇ ಇದ್ದರು. ಸರೋಜವ್ವ ಬಡಿಸುತ್ತಿದ್ದಳು.

"ಯಾರು ಇವರೆಲ್ಲ?" ಎಂದರು ಮೇಡಂ.

"ಕೂಲಿ ಮಂದಿ ರೀ. ಕಟ್ಟಡದ ಕೆಲಸ ನಡದೈತ್ರಿ."

ಫಕ್ಕೀರಪ್ಪನ ಕೈ ರೊಟ್ಟಿ ಮತ್ತು ಬಾಯಿಯ ನಡುವೆ ನಿಂತಿತು. "ಯಾರು ಕೂಲಿ ಮಂದಿ ಸರ್? ನೀವ ನನಗ ಮೂರು ವರ್ಷ ಇತಿಹಾಸ ಕಲಿಸೀರಿ. ಮೂರೂ ವರ್ಷ ಒಂದ ಪಾಠ. ಪಾಣಿಪತ್ ಯುದ್ಧ. ಯಾರು ಗೆದ್ರು ಅಂತ ಕಡೀಕೂ ಹೇಳಲಿಲ್ಲ ನೀವು."

ಸುತ್ತ ಕೂತವರು ನಕ್ಕರು. ಮೇಡಂ ನಗಲಿಲ್ಲ. ಮಾಲತೇಶನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು, ಒಂದೇ ಕೈಬರಹದ ನೂರು ಸಹಿಗಳ ಮೇಲೆ ಕಣ್ಣಾಡಿಸಿದರು.

"ಸಂಚಾಲಕರ ಸಹಿ ಇಲ್ಲವಲ್ಲ. ಯಾರು ಸಂಚಾಲಕರು?"

"ಇವನ ರೀ. ಈಗ ಮಾಡ್ತಾನ." ಪ್ರಿನ್ಸಿಪಾಲರು ತಮ್ಮ ಪೆನ್ನನ್ನೇ ಮುಚ್ಚಳ ತೆಗೆದು ಕೊಟ್ಟರು. "ಮಾಡು, ಮಾಲತೇಶ."

ಮಾಲತೇಶ ಪೆನ್ನು ಹಿಡಿದ. ಹನ್ನೊಂದು ಜೂನ್ ತಿಂಗಳು ಆ ವೆರಾಂಡಾದಲ್ಲಿ ನಿಂತದ್ದು ಮಂಡಿಯಲ್ಲಿ ನೋವಾಗಿ ಎದ್ದಿತು. ಸಹಿ ಮಾಡಿದರೆ ಹನ್ನೆರಡನೆಯದೂ ದಕ್ಕುತ್ತದೆ. ಎದುರಿಗೆ ಫಕ್ಕೀರಪ್ಪ ಕೂಲಿಯವನಾಗಿ ಕೂತಿದ್ದ. ಗೌಸಸಾಬ ಸಮವಸ್ತ್ರದ ಮೇಲೆ ಪಲ್ಯ ಚೆಲ್ಲಿಕೊಂಡಿದ್ದ. ಸಹಿ ಮಾಡಿದರೆ ಇವರೆಲ್ಲ ಕೂಲಿಯವರಾಗಿಯೇ ಎದ್ದು ಕೈ ತೊಳೆದು ಹೋಗುತ್ತಾರೆ.

"ಮೇಡಂ," ಎಂದ. ಮೊದಲ ಸಲ ಗಂಟಲಲ್ಲಿ ತನ್ನದೇ ಧ್ವನಿ ಬಂದದ್ದರಿಂದ ಸ್ವಲ್ಪ ಗೊಗ್ಗರಾಗಿತ್ತು. "ಈ ಪಟ್ಟ್ಯಾಗಿನವರು ಯಾರೂ ಇನ್ನಾ ಹುಟ್ಟಿಲ್ರಿ. ಹಳೆ ರಜಿಸ್ಟರ್ ಗೆದ್ದಲ ತಿಂದಾವು. ಮಂದಿ ಕಳಿಸ್ರಿ ಅಂತ ಬುತ್ತಿ ಡಬ್ಬ್ಯಾಗ ಇಂಗ್ಲಿಷ್ ಚೀಟಿ ಹಾಕಿದ್ವಿ, ಅವರು ಪದ್ಧತಿ ಪ್ರಕಾರ ಊಟ ಕಳಿಸ್ಯಾರ. ಊಟದ ಹಿಂದ ಇವರು ಬಂದಾರ. ಇಲ್ಲಿ ಓದಿದವರು ಇವರ. ಬೇಕಾದ್ರ ಹೆಸರು ಕೇಳಿ ಬರಕೊಳ್ರಿ."

ಪ್ರಿನ್ಸಿಪಾಲರು ಕಣ್ಣು ಮುಚ್ಚಿದರು. ಮೇಡಂ ಪಟ್ಟಿಯನ್ನು ಬೋರಲು ತಿರುಗಿಸಿ, ಖಾಲಿ ಬೆನ್ನನ್ನು ಫಕ್ಕೀರಪ್ಪನ ಮುಂದೆ ಹಿಡಿದರು. ಅವನು ಎಣ್ಣೆಯ ಬೆರಳಲ್ಲೇ ಸಹಿ ಹಾಕಿದ. ಹಾಳೆ ಪಂಕ್ತಿಯುದ್ದಕ್ಕೂ ಸಾಗಿತು. ಒಂದು ಸಾಲದೆ ಇನ್ನೂ ಮೂರು ಹಾಳೆ ತರಿಸಬೇಕಾಯಿತು. ಯಾವ ವರ್ಷ ಓದಿದ್ದು ಎಂದರೆ ಅನೇಕರಿಗೆ ನೆನಪಿರಲಿಲ್ಲ, ಬಾಬಾಜಾನನಿಗೆ ಇತ್ತು. ಕೊನೆಗೆ ಎಣಿಸಿದರೆ ನೂರ ಇಪ್ಪತ್ತೇಳು. ಅಷ್ಟೂ ಮಂದಿ ಜೀವಂತ.

"ಪ್ರಿನ್ಸಿಪಾಲರೇ," ಎಂದರು ಮೇಡಂ, ಸರೋಜವ್ವ ಕೈಗೆ ಕೊಟ್ಟ ಹೋಳಿಗೆ ಮುರಿಯುತ್ತ. "ನಾನೀಗ ಎರಡರಲ್ಲಿ ಒಂದು ಬರೆಯಬೇಕು. ಒಳಗಿನ ಟೈಗಳ ಬಗ್ಗೆ ಬರೆಯಲೋ, ಹೊರಗಿನ ಇವರ ಬಗ್ಗೆ ಬರೆಯಲೋ?"

ಕಣ್ಣು ಮುಚ್ಚಿದಷ್ಟೇ ವೇಗದಲ್ಲಿ ಪ್ರಿನ್ಸಿಪಾಲರು ತೆರೆದರು. "ಹೊರಗಿನವರದ ಬರೀರಿ ಮೇಡಂ! ಇದ ನಮ್ಮ ಮೂಲ ಯೋಜನಾ. ಅಲುಮ್ನಸ್ ಅಂದ್ರ ಏನ್ರಿ? ಉಣಿಸಿ ಸಾಕಿದ ಕೂಸು! ಧಾತು ಅಲೆರೆ. ದಾದಿಯ ಮಾತದು. ಅರ್ಥ ಮರತು ಮಂದಿ ಬರೇ ಬಾಲ ಹಿಡಕೊಂಡು ಜೋತಾಡ್ತಾರ. ನಾ ಸಿಬ್ಬಂದಿಗೆ ದಿನಾ ಹೇಳ್ತೇನಿ, ಕೇಳ್ರಿ ಬೇಕಾದ್ರ."

ಬಾಬಾಜಾನ ಆಕಾಶ ನೋಡಿದ.

"ಒಳ್ಳೆಯದು," ಎಂದರು ಮೇಡಂ. "ಆದರೆ ಇಂಥ ಕೆಲಸಕ್ಕೆ ಖಾಯಂ ಒಬ್ಬರು ಬೇಕು. ಈ ಸಂಚಾಲಕರು ಖಾಯಂ ತಾನೆ? ಅತಿಥಿ ಉಪನ್ಯಾಸಕರಾದರೆ ನಾನು ಬರೆದುಕೊಳ್ಳಲು ಬರುವುದಿಲ್ಲ. ಆಗ ಟೈಗಳನ್ನೇ ಬರೆಯಬೇಕಾಗುತ್ತದೆ."

"ಅತಿಥಿ ಅನ್ನೋ ಮಾತ ಇಲ್ರಿ! ಮನಿ ಮನುಷ್ಯಾ. ವಾರಕ್ಕ ಹದಿನಾರು ತಾಸು."

"ಮುಂದಿನ ವರ್ಷವೂ?"

"ಮುಂದಿನ ವರ್ಷನೂ ರೀ."

"ನಾವು ಮತ್ತೆ ಬರುವುದು ಐದು ವರ್ಷಕ್ಕೆ. ಅಲ್ಲಿಯವರೆಗೆ?"

ಪ್ರಿನ್ಸಿಪಾಲರು ಮಾಲತೇಶನನ್ನು ನೋಡಿದರು. ಚೇರ್ಮನ್ನರ ಮನೆಯಿರುವ ದಿಕ್ಕನ್ನು ನೋಡಿದರು. ಸಭಾಗೃಹದ ಕಿಟಕಿಯಲ್ಲಿ, ಟೈ ಕಟ್ಟಿದ ನಲವತ್ತು ಹುಡುಗರು ಹೋಳಿಗೆಯ ಕಡೆ ಚಾಚಿದ ಕುತ್ತಿಗೆಗಳನ್ನು ನೋಡಿದರು.

"ಐದೂ ವರ್ಷ ರೀ," ಎಂದರು.

ಮೇಡಂ ಬರೆದುಕೊಂಡರು, ಬರೆದದ್ದನ್ನು ಗಟ್ಟಿಯಾಗಿ ಓದಿದರು, ಮಾಲತೇಶನ ಹೆಸರಿನ ಮುಂದೆ ಹದಿನಾರು ತಾಸು, ಐದು ವರ್ಷ ಎಂಬಲ್ಲಿ ಪ್ರಿನ್ಸಿಪಾಲರ ಸಹಿ ಕೇಳಿದರು. ಕೇಳುವ ಮೊದಲೇ ಬಾಬಾಜಾನ ಕಾಲೇಜಿನ ಶಿಕ್ಕಾ ತಂದು, ಅದಕ್ಕೆ ಬಾಯಿಯಿಂದ ಉಸಿರು ಊದಿ, ಸಿದ್ಧನಾಗಿ ನಿಂತಿದ್ದ. ಒತ್ತಿದ ರಭಸಕ್ಕೆ ಮೇಡಂ ಕೈಯಲ್ಲಿದ್ದ ಫೈಲೇ ಅಲುಗಿತು.

ಮಾಲತೇಶ ಕೈ ತೊಳೆದುಕೊಂಡ. ಗೌಸಸಾಬನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ. ಬೆಳಗ್ಗೆಯಿಂದ ಅವನು ಏನೂ ತಿಂದಿರಲಿಲ್ಲ. ಸಪ್ಪನ್ನ ಪಲ್ಯವೇ ಅವನ ಪಾಲಿಗೆ ಬಂತು, ಖಾರದ್ದೆಲ್ಲ ಖಾಲಿಯಾಗಿತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲರ ಕೋಟಿನಲ್ಲಿ ಫೋನು ಗುರುಗುಟ್ಟಿತು. ಚೇರ್ಮನ್ನರು. ಪೂಜಾ ಎಂದಿನಿಂದ ಬರಬೇಕು ಎಂದು ಕೇಳುತ್ತಿದ್ದರು. ಅವರ ಧ್ವನಿ ಪಂಕ್ತಿಯ ಕೊನೆಯವರೆಗೂ ಕೇಳುತ್ತಿತ್ತು. ಪ್ರಿನ್ಸಿಪಾಲರು ಬೇವಿನ ಮರದ ಬುಡಕ್ಕೆ ಸರಿದು, ಒಂದು ಕೈ ಬಾಯಿಗೆ ಅಡ್ಡ ಹಿಡಿದರು.

"ಸಾಹೇಬ್ರ, ಅದೊಂದು ಸಣ್ಣ ತೊಂದ್ರಿ ಆಗೈತ್ರಿ... ಅಲ್ರಿ, ನನ್ನ ಕಡಿಯಿಂದ ಅಲ್ರಿ... ಲ್ಯಾಟಿನ್ ಕಡಿಯಿಂದ ರೀ. ಹ್ಞೂಂ ರೀ, ಲ್ಯಾಟಿನ್. ಆ ಭಾಷಾನ ಹಂಗ ಐತ್ರಿ ಸಾಹೇಬ್ರ, ಒಮ್ಮೆ ಬರದ ಮ್ಯಾಲೆ ತಿದ್ದಾಕ ಬರಂಗಿಲ್ರಿ..."

ಸರೋಜವ್ವ ಕೊನೆಯ ರೊಟ್ಟಿಯ ಬುಟ್ಟಿ ಸೊಂಟಕ್ಕೇರಿಸಿ ಮರದ ಕಡೆ ನಡೆದಳು.

"ಏ ಪ್ರಿನ್ಸಿಪಾಲ್ರ, ಮೊದಲ ಎರಡು ತುತ್ತು ಉಣ್ರಿ. ಬರೇ ಹೊಟ್ಟೀಲೆ ಇಷ್ಟು ಸುಳ್ಳು ಹೇಳಿದ್ರ ಪಿತ್ತ ಆಗ್ತೈತಿ."